ಹೂಗಿಡ ಸೊರಗಿದಾಗ

ಪ್ರತಿವರ್ಷ ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಅದನ್ನು ನೋಡಿ ಹಿಂದಿರುಗುವವರಲ್ಲಿ ಅನೇಕರ ಕೈಯಲ್ಲಿ ಒಂದೆರಡು ಹೂಗಿಡಗಳೂ ಇರುತ್ತವೆ. ಗುಲಾಬಿಯೊಂದು, ಸೇವಂತಿಗೆಯೊಂದು, ಅಥವಾ ಮೊಗ್ಗು ತುಂಬಿದ ದಾಸವಾಳ. ಮನೆಗೆ ತಂದ ಮೊದಲ ವಾರ ಗಿಡ ನಗುನಗುತ್ತ ಇರುತ್ತದೆ. ಎರಡನೆಯ ವಾರ ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಮೂರನೆಯ ವಾರ ಮೊಗ್ಗುಗಳು ಅರಳದೆಯೇ ಉದುರತೊಡಗುತ್ತವೆ. ಆಗ ಮನೆಯವರೆಲ್ಲರೂ ವೈದ್ಯರಾಗುತ್ತಾರೆ. ನೀರು ಸಾಲದೆಂದು ಒಬ್ಬರು, ಗೊಬ್ಬರ ಹಾಕಬೇಕೆಂದು ಇನ್ನೊಬ್ಬರು, ಹುಳುವಿನ ಔಷಧಿ ಹೊಡೆದರೆ ಸರಿಹೋಗುವುದೆಂದು ನೆರೆಮನೆಯವರು. ಈ ಮೂರು ಉಪಚಾರಗಳೂ ಒಂದೇ ದಿನ ನಡೆದು, ಮುಂದಿನ ಭಾನುವಾರದ ಹೊತ್ತಿಗೆ ಗಿಡ ಕಡ್ಡಿಯಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಹೋದದ್ದು ಒಂದು ಗಿಡ ಮಾತ್ರವಾದರೆ ಚಿಂತೆಯಿಲ್ಲ. ಆದರೆ ಅದರೊಡನೆ ಹೊಸ ತೋಟಗಾರನ ಉತ್ಸಾಹವೂ ಹೋಗುತ್ತದೆ. 'ನನ್ನ ಕೈಗುಣವೇ ಸರಿಯಿಲ್ಲ' ಎಂದು ಆತ ಕುಂಡವನ್ನು ಮೂಲೆಗೆ ಸರಿಸಿ ಸುಮ್ಮನಾಗುತ್ತಾನೆ. ಇಲ್ಲವೇ, ಗಿಡವನ್ನು ಉಳಿಸಿಯೇ ತೀರುವೆನೆಂದು ಹಟ ತೊಟ್ಟು, ಮಕ್ಕಳು ಆಡುವ ಅಂಗಳಕ್ಕೆ ಹೆಸರೂ ತಿಳಿಯದ ವಿಷಗಳನ್ನು ತಂದು ಸುರಿಯುತ್ತಾನೆ. ಇವೆರಡೂ ಅನಗತ್ಯ. ಗಿಡಕ್ಕೆ ಬಾಯಿಲ್ಲ, ನಿಜ. ಆದರೆ ತನ್ನ ಕಷ್ಟವನ್ನು ಅದು ಮೈಮೇಲೆಯೇ ಬರೆದು ತೋರಿಸುತ್ತದೆ. ಯಾವ ಎಲೆ ಮೊದಲು ಬಾಡಿತು, ಬಣ್ಣ ಎಲ್ಲಿಂದ ಕೆಟ್ಟಿತು, ಎಷ್ಟು ದಿನದಲ್ಲಿ ಹರಡಿತು ಎಂಬುದನ್ನು ಓದಲು ಕಲಿತರೆ ಬಹುಪಾಲು ವ್ಯಾಧಿಗಳ ಮೂಲ ತಾನಾಗಿ ಹೊಳೆಯುತ್ತದೆ. ಆ ಓದಿನ ಅಕ್ಷರಾಭ್ಯಾಸವನ್ನು ಇಲ್ಲಿ ಮಾಡೋಣ.

ರೋಗವೋ, ಕಷ್ಟವೋ?

ಗಿಡ ಸೊರಗುವುದಕ್ಕೆ ಕಾರಣಗಳು ಎರಡು ಬಗೆ. ಹುಳು, ನುಸಿ, ಶಿಲೀಂಧ್ರ, ಬ್ಯಾಕ್ಟೀರಿಯ, ವೈರಸ್ ಮುಂತಾದ ಜೀವಿಗಳಿಂದ ಆಗುವ ಹಾನಿ ಒಂದು ಬಗೆ. ನೀರು, ಬೆಳಕು, ಮಣ್ಣು, ಗೊಬ್ಬರ, ಹವೆ ಇವುಗಳ ಏರುಪೇರಿನಿಂದ ಆಗುವ ಹಾನಿ ಇನ್ನೊಂದು ಬಗೆ. ಮೊದಲನೆಯದನ್ನು ರೋಗವೆನ್ನಬಹುದು, ಎರಡನೆಯದು ಕೇವಲ ಕಷ್ಟ. ಕಷ್ಟದಲ್ಲಿರುವ ಗಿಡಕ್ಕೆ ಔಷಧಿ ಹೊಡೆಯುವುದು ಹಸಿದವನಿಗೆ ಕಷಾಯ ಕುಡಿಸಿದಂತೆ.

ಈ ಭೇದ ವಿಜ್ಞಾನಿಗಳಿಗೂ ಬಹುಕಾಲ ಸ್ಪಷ್ಟವಾಗಿರಲಿಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳು ಕೊಳೆತು ಭೀಕರ ಕ್ಷಾಮವುಂಟಾದಾಗ, ಕೆಟ್ಟ ಹವೆಯಿಂದ ಗಿಡ ಕೊಳೆಯುವುದು, ಕೊಳೆತ ಮೇಲೆ ಬೂಷ್ಟು ಹುಟ್ಟುವುದು ಎಂದೇ ಹೆಚ್ಚಿನ ಪಂಡಿತರು ನಂಬಿದ್ದರು. ಬೂಷ್ಟು ರೋಗದ ಫಲವಲ್ಲ, ಅದೇ ರೋಗದ ಕಾರಣ ಎಂಬುದನ್ನು ಜರ್ಮನಿಯ ಆಂಟನ್ ಡಿ ಬಾರಿ 1861ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟನು. ಸಸ್ಯರೋಗಶಾಸ್ತ್ರಕ್ಕೆ ಭದ್ರವಾದ ತಳಹದಿ ದೊರೆತದ್ದು ಇಂತಹ ಪ್ರಯೋಗಗಳಿಂದಲೇ.

ಮನೆಯಂಗಳದಲ್ಲಿ ಈ ಭೇದವನ್ನು ಗುರುತಿಸಲು ಸೂಕ್ಷ್ಮದರ್ಶಕವೇನೂ ಬೇಕಿಲ್ಲ. ಒಂದೇ ಸ್ಥಳದಲ್ಲಿರುವ ಗುಲಾಬಿ, ಮಲ್ಲಿಗೆ, ದಾಸವಾಳ ಮೂರೂ ಒಂದೇ ಸಮಯಕ್ಕೆ ಒಂದೇ ರೀತಿ ಬಾಡಿದರೆ ಅದು ಬಹುಮಟ್ಟಿಗೆ ನೀರು, ಮಣ್ಣು ಅಥವಾ ಬಿಸಿಲಿನ ದೋಷ. ಏಕೆಂದರೆ ಹೆಚ್ಚಿನ ರೋಗಾಣುಗಳು ಇಂಥ ಜಾತಿಯ ಗಿಡವೇ ಬೇಕೆಂದು ಹುಡುಕಿ ಹಿಡಿಯುವಂಥವು. ಗುಲಾಬಿಗೆ ಮಾತ್ರ ತಗುಲಿ, ಮಲ್ಲಿಗೆ ಸೊಂಪಾಗಿದ್ದು, ಹಾನಿ ಒಂದು ಕೊಂಬೆಯಿಂದ ಇನ್ನೊಂದಕ್ಕೆ ದಿನದಿನಕ್ಕೂ ಹಬ್ಬುತ್ತಿದ್ದರೆ ಜೀವಿಯ ಕೈವಾಡವನ್ನು ಶಂಕಿಸಬೇಕು. ಒಂದು ರಾತ್ರಿಯಲ್ಲಿ ಇಡೀ ಗಿಡ ಕೆಟ್ಟಿದ್ದರೆ ಹಿಂದಿನ ದಿನ ಗಿಡಕ್ಕೆ ಏನನ್ನು ಹಾಕಿದೆವು, ಎಲ್ಲಿಂದ ಎಲ್ಲಿಗೆ ಸ್ಥಳಾಂತರಿಸಿದೆವು ಎಂದು ಮೊದಲು ನೆನಪಿಸಿಕೊಳ್ಳಬೇಕು. ಸಸ್ಯಕ್ಷೇತ್ರದ ನೆರಳುಬಲೆಯ ಕೆಳಗೆ ಬೆಳೆದ ಗಿಡವನ್ನು ತಂದು ಒಮ್ಮೆಗೇ ತಾರಸಿಯ ಬಿಸಿಲಿಗೆ ಒಡ್ಡಿದರೆ ಅದು ಎಲೆ ಉದುರಿಸುವುದು ಸಹಜವೇ. ಅಂತಹ ಗಿಡವನ್ನು ಒಂದು ವಾರ ಬೆಳಗಿನ ಎಳೆಬಿಸಿಲಿನಲ್ಲಿಟ್ಟು, ಆಮೇಲೆ ಕ್ರಮಕ್ರಮವಾಗಿ ಹೆಚ್ಚಿನ ಬಿಸಿಲಿಗೆ ಸರಿಸಬೇಕು.

ಬೇರಿಗೂ ಉಸಿರುಂಟು

ಕುಂಡದ ಗಿಡಗಳನ್ನು ಕೊಲ್ಲುವ ಕಾರಣಗಳಲ್ಲಿ ಅಗ್ರಸ್ಥಾನ ನೀರಿಗೆ ಸಲ್ಲುತ್ತದೆ; ಅದರಲ್ಲಿಯೂ ನೀರಿನ ಕೊರತೆಗಿಂತ ನೀರಿನ ಅತಿಗೆ. ಇದು ಹೊಸಬರಿಗೆ ವಿಚಿತ್ರವಾಗಿ ತೋರಬಹುದು. ಎಲೆಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ, ಸೂರ್ಯನ ಬೆಳಕಿನ ಬಲದಿಂದ ಸಕ್ಕರೆಯನ್ನು ತಯಾರಿಸುತ್ತವೆಂಬುದು ಎಲ್ಲರಿಗೂ ಗೊತ್ತು. ಆದರೆ ಆ ಸಕ್ಕರೆಯನ್ನು ಉರಿಸಿ ಶಕ್ತಿಯನ್ನು ಪಡೆಯಲು ಗಿಡದ ಪ್ರತಿಯೊಂದು ಅಂಗಕ್ಕೂ ಆಮ್ಲಜನಕ ಬೇಕು. ಬೇರುಗಳು ಅದನ್ನು ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯಿಂದ ಪಡೆಯುತ್ತವೆ. ಸಂದುಗಳೆಲ್ಲ ನೀರಿನಿಂದ ತುಂಬಿಹೋದರೆ ಗಾಳಿಗೆ ಎಡೆಯೆಲ್ಲಿ? ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರು ಉಸಿರುಕಟ್ಟಿ ಸಾಯುತ್ತದೆ. ಸತ್ತ ಬೇರನ್ನು ಕೊಳೆಸುವ ಶಿಲೀಂಧ್ರಗಳು ಮುತ್ತುತ್ತವೆ.

ಮುಂದಿನದೇ ಮೋಸದ ಘಟ್ಟ. ಬೇರು ಸತ್ತ ಮೇಲೆ ನೀರನ್ನು ಹೀರುವವರಾರು? ಸುತ್ತಲೂ ನೀರಿದ್ದರೂ ಎಲೆಗಳಿಗೆ ನೀರು ತಲುಪುವುದಿಲ್ಲ. ಎಲೆಗಳು ಜೋತುಬೀಳುತ್ತವೆ. ನೋಡಿದವರು ಬಾಯಾರಿಕೆಯೆಂದು ತಿಳಿದು ಇನ್ನೊಂದು ತಂಬಿಗೆ ನೀರೆರೆಯುತ್ತಾರೆ. ಹೀಗೆ ಪ್ರೀತಿಯೇ ಗಿಡದ ಕೊರಳಿಗೆ ಉರುಳಾಗುತ್ತದೆ.

ಬಾಡಿದ ಗಿಡಕ್ಕೆ ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣುಗಳಷ್ಟು ಮಣ್ಣಿನೊಳಕ್ಕೆ ಇಳಿಸಿ ನೋಡಬೇಕು. ಒಳಗೆ ಒಣಗಿದ್ದರೆ ನೀರು ಬೇಕು. ತೇವವಿದ್ದೂ ಗಿಡ ಬಾಡಿದ್ದರೆ ನೀರನ್ನು ನಿಲ್ಲಿಸಬೇಕು. ಬೇಸಗೆಯ ಮಧ್ಯಾಹ್ನ ಮಾತ್ರ ಜೋತುಬಿದ್ದು ಸಂಜೆಗೆ ತಾನಾಗಿ ಚೇತರಿಸಿಕೊಳ್ಳುವ ಗಿಡಕ್ಕೆ ಯಾವ ರೋಗವೂ ಇಲ್ಲ. ಎಲೆಯಿಂದ ಆವಿಯಾಗುವ ವೇಗಕ್ಕೆ ಬೇರು ಹೀರುವ ವೇಗ ಕೆಲವು ಗಂಟೆಗಳ ಕಾಲ ಸಮನಾಗಲಿಲ್ಲ, ಅಷ್ಟೆ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಅದು ಚಿಂತಿಸಬೇಕಾದ ಸಂಗತಿ.

ಸಂದೇಹ ಬಲವಾದರೆ ಕುಂಡವನ್ನು ಬೋರಲು ಮಾಡಿ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಮೆಲ್ಲನೆ ಹೊರಕ್ಕೆ ತೆಗೆಯಬೇಕು. ಆರೋಗ್ಯವುಳ್ಳ ಎಳೆಬೇರು ಬಿಳುಪಾಗಿ, ಗಟ್ಟಿಯಾಗಿ ಇರುತ್ತದೆ. ಕೊಳೆತ ಬೇರು ಕಂದಾಗಿಯೋ ಕಪ್ಪಾಗಿಯೋ ಮೆತ್ತಗಾಗಿದ್ದು, ಎಳೆದರೆ ಸಿಪ್ಪೆ ಕೈಗೆ ಬರುತ್ತದೆ, ವಾಸನೆಯೂ ಬರುತ್ತದೆ. ಕೊಳೆತುದನ್ನು ಕತ್ತರಿಸಿ, ಮೇಲಿನ ಕೊಂಬೆಗಳನ್ನೂ ತಕ್ಕಷ್ಟು ಸವರಿ, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವು ಕೂಡಿದ ಹಗುರ ಮಿಶ್ರಣದಲ್ಲಿ ಮತ್ತೆ ನಟ್ಟು ನೆರಳಿನಲ್ಲಿಟ್ಟರೆ ಅನೇಕ ಗಿಡಗಳು ಬದುಕಿಕೊಳ್ಳುತ್ತವೆ. ಕುಂಡದ ತಳದ ತೂತು ಮುಚ್ಚಿಹೋಗಿಲ್ಲವೆಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ತಳದ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬಾರದು.

ಹಳದಿಯ ಭಾಷೆ

ಎಲೆ ಹಳದಿಯಾಯಿತೆಂದರೆ ಪತ್ರಹರಿತ್ತು ಕಡಿಮೆಯಾಯಿತೆಂದು ಅರ್ಥ. ಆದರೆ ಯಾವ ಎಲೆ ಹಳದಿಯಾಯಿತು ಎಂಬುದರಲ್ಲಿ ರಹಸ್ಯವಡಗಿದೆ. ಗಿಡ ಮಿತವ್ಯಯದ ಸಂಸಾರಿ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಇವುಗಳಿಗೆ ಕೊರತೆ ಬಂದಾಗ ಅದು ಹಳೆಯ ಎಲೆಗಳಲ್ಲಿರುವುದನ್ನು ಕರಗಿಸಿ ತೆಗೆದು ಎಳೆಯ ಕುಡಿಗಳಿಗೆ ಸಾಗಿಸುತ್ತದೆ. ಆದುದರಿಂದ ಈ ಧಾತುಗಳ ಅಭಾವ ಮೊದಲು ಕಾಣುವುದು ಕೆಳಗಿನ ಎಲೆಗಳಲ್ಲಿ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ. ಒಮ್ಮೆ ಎಲೆಯಲ್ಲಿ ನೆಲೆಸಿದರೆ ಅಲ್ಲಿಂದ ಕದಲುವುದು ಬಹಳ ಕಡಿಮೆ. ಅವುಗಳ ಕೊರತೆ ತೋರುವುದು ತುದಿಯ ಹೊಸ ಎಲೆಗಳಲ್ಲಿ.

ಕೆಳಗಿನ ಎಲೆಗಳು ಒಂದೇ ಸಮನಾಗಿ ಬಿಳಿಚಿಕೊಂಡು ಗಿಡ ಕುಳ್ಳಾಗಿದ್ದರೆ ಸಾರಜನಕದ ಕೊರತೆ. ಹಳೆಯ ಎಲೆಗಳ ಅಂಚು ಮಾತ್ರ ಸುಟ್ಟಂತಾದರೆ ಪೊಟ್ಯಾಸಿಯಂ ಸಾಲದಿರಬಹುದು. ಹಳೆಯ ಎಲೆಗಳಲ್ಲಿ ನರಗಳು ಹಸುರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ಇದೇ ಚಿತ್ರ ಎಳೆಯ ಎಲೆಗಳಲ್ಲಿ ಕಂಡರೆ ಕಬ್ಬಿಣ. ದಿನಕ್ಕೊಂದು ಎರಡರಂತೆ ತೀರ ಕೆಳಗಿನ ಮುದಿ ಎಲೆಗಳು ಹಣ್ಣಾಗಿ ಉದುರುವುದು ಮಾತ್ರ ವ್ಯಾಧಿಯಲ್ಲ, ವಯೋಧರ್ಮ.

ಕಬ್ಬಿಣದ ಕಥೆ ಸ್ವಾರಸ್ಯಕರವಾದುದು. ಬಿಳಿಚಿಕೊಂಡ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣವನ್ನು ಸವರಿದರೆ ಅವು ಮತ್ತೆ ಹಸುರಾಗುವುದನ್ನು ಫ್ರಾನ್ಸಿನ ಯುಸೇಬ್ ಗ್ರಿಸ್ 1840ರ ದಶಕದಲ್ಲಿಯೇ ತೋರಿಸಿದ್ದನು. ನಮ್ಮ ಮಲ್ಲಿಗೆ ಗಿಡಗಳಲ್ಲಿ ಈ ಕೊರತೆ ಮತ್ತೆಮತ್ತೆ ಕಾಣಿಸುತ್ತದೆ. ಸೋಜಿಗವೇನೆಂದರೆ, ನಮ್ಮ ಕೆಮ್ಮಣ್ಣಿನ ಕೆಂಪೇ ಕಬ್ಬಿಣದ್ದು! ಮಣ್ಣಿನಲ್ಲಿ ಧಾರಾಳವಾಗಿದ್ದರೂ ಗಿಡಕ್ಕೆ ದಕ್ಕದಿರಲು ಕಾರಣ ಕ್ಷಾರತೆ. ಮಣ್ಣು ಕ್ಷಾರವಾದಷ್ಟೂ ಕಬ್ಬಿಣ ಕರಗದ ರೂಪಕ್ಕೆ ತಿರುಗುತ್ತದೆ. ಕೊಳವೆ ಬಾವಿಯ ಗಡಸು ನೀರನ್ನೇ ತಿಂಗಳುಗಟ್ಟಲೆ ಎರೆದ ಕುಂಡಗಳ ಅಂಚಿನಲ್ಲಿ ಬಿಳಿಯ ಹೊಪ್ಪಳೆ ಕಟ್ಟಿರುವುದನ್ನು ಓದುಗರು ನೋಡಿರಬಹುದು. ಅದು ನೀರಿನಲ್ಲಿದ್ದ ಲವಣಗಳ ಶೇಷ. ಅಂತಹ ಕುಂಡದ ಗಿಡಕ್ಕೆ 1 ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು, ಎಂದರೆ ಫೆರಸ್ ಸಲ್ಫೇಟನ್ನು, ಕರಗಿಸಿ ಎಲೆಗಳ ಮೇಲೆ ಸಂಜೆಯ ಹೊತ್ತು ಸಿಂಪಡಿಸಿದರೆ ಗುಣ ಕಾಣುತ್ತದೆ. ಆದರೆ ಇದು ತಾತ್ಕಾಲಿಕ. ಮಳೆಯ ನೀರನ್ನು ಹಿಡಿದಿಟ್ಟು ಎರೆಯುವುದು, ಕಳಿತ ಎಲೆಗೊಬ್ಬರವನ್ನು ಸೇರಿಸುವುದು, ಆಗಾಗ ಕುಂಡದ ತಳದಿಂದ ಹರಿದುಹೋಗುವಷ್ಟು ನೀರು ಹಾಕಿ ಲವಣಗಳನ್ನು ತೊಳೆಯುವುದು, ಇವು ಶಾಶ್ವತ ಪರಿಹಾರಗಳು.

ಗೊಬ್ಬರದ ವಿಷಯದಲ್ಲಿ ಇನ್ನೊಂದು ಮಾತು. ಬೆಳವಣಿಗೆಯ ಮಿತಿಯನ್ನು ನಿರ್ಧರಿಸುವುದು ಹೇರಳವಾಗಿರುವ ಧಾತುವಲ್ಲ, ಎಲ್ಲಕ್ಕಿಂತ ಕಡಿಮೆಯಿರುವ ಧಾತು ಎಂಬ ನಿಯಮವನ್ನು ಕಾರ್ಲ್ ಸ್ಪ್ರೆಂಗೆಲ್ 1828ರಲ್ಲಿ ಸೂಚಿಸಿದನು. 1840ರ ಅನಂತರ ಯೂಸ್ಟಸ್ ಲೀಬಿಗ್ ಅದನ್ನು ಪ್ರಸಿದ್ಧಿಗೆ ತಂದನು. ಪೀಪಾಯಿಯ ಹಲಗೆಗಳಲ್ಲಿ ಒಂದು ಗಿಡ್ಡವಾಗಿದ್ದರೆ ನೀರು ನಿಲ್ಲುವುದು ಆ ಹಲಗೆಯ ಎತ್ತರಕ್ಕೇ; ಉಳಿದ ಹಲಗೆಗಳನ್ನು ಎಷ್ಟು ಎತ್ತರಿಸಿದರೂ ವ್ಯರ್ಥ. ಕಬ್ಬಿಣ ಸಾಲದ ಮಲ್ಲಿಗೆಗೆ ಯೂರಿಯ ಸುರಿದರೆ ಆಗುವುದೂ ಇಷ್ಟೆ. ಸುರಿದದ್ದು ಹೆಚ್ಚಾದರೆ ಮಣ್ಣಿನ ನೀರು ಬೇರಿನೊಳಗಣ ರಸಕ್ಕಿಂತ ಗಾಢವಾಗಿ, ಬೇರಿನೊಳಗಿನ ನೀರನ್ನೇ ಹೊರಕ್ಕೆ ಸೆಳೆಯುತ್ತದೆ. ಉಪ್ಪು ಹಚ್ಚಿದ ಮಾವಿನಕಾಯಿ ಹೋಳು ನೀರು ಬಿಡುವುದು ಈ ತತ್ತ್ವದಿಂದಲೇ. ಸೊರಗಿದ ಗಿಡಕ್ಕೆ ರಾಸಾಯನಿಕ ಗೊಬ್ಬರವನ್ನು ಎಂದೂ ಹಾಕಬಾರದು. ಚೇತರಿಸಿಕೊಂಡು ಹೊಸ ಚಿಗುರು ಬಿಟ್ಟ ಮೇಲೆ ಹಾಕಬೇಕು.

ಹಸುರಿದ್ದೂ ಹೂವಿಲ್ಲದಿರುವುದು

ಕೆಲವು ಗಿಡಗಳು ಸೊಂಪಾಗಿ ಬೆಳೆದು ಎಲೆಯಿಂದ ತುಂಬಿರುತ್ತವೆ, ಆದರೆ ಹೂವಿನ ಸುಳಿವೇ ಇರುವುದಿಲ್ಲ. ಇದಕ್ಕೆ ಸಾಮಾನ್ಯ ಕಾರಣ ನೆರಳು. ಗುಲಾಬಿ, ಮಲ್ಲಿಗೆ, ದಾಸವಾಳಗಳಿಗೆ ದಿನಕ್ಕೆ 6 ಗಂಟೆಗಳಷ್ಟಾದರೂ ನೇರವಾದ ಬಿಸಿಲು ಬೇಕು. ಬಿಸಿಲು ಸಾಲದ ಗಿಡದ ಕೊಂಬೆಗಳು ಸಣಕಲಾಗಿ ಬೆಳಕಿನತ್ತ ಬಾಗಿರುತ್ತವೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಉದ್ದವಾಗಿರುತ್ತದೆ. ಎರಡನೆಯ ಕಾರಣ ಸಾರಜನಕದ ಅತಿ. ಅಂತಹ ಗಿಡದ ಎಲೆ ಕಡುಹಸುರಾಗಿ, ರಸಭರಿತವಾಗಿ ಇರುತ್ತದೆ; ಹುಳುಗಳಿಗಂತೂ ಅದು ಹಬ್ಬದೂಟ.

ಮೂರನೆಯದು ಸವರುವಿಕೆಯ ಅಭಾವ. ಗುಲಾಬಿ, ಮಲ್ಲಿಗೆಗಳು ಹೂ ಬಿಡುವುದು ಹೊಸ ಚಿಗುರಿನ ಮೇಲೆ. ನಮ್ಮಲ್ಲಿ ಗುಲಾಬಿಯನ್ನು ಮಳೆ ಹಿಂದೆಗೆಯುವ ಅಕ್ಟೋಬರಿನ ಸುಮಾರಿಗೂ, ಮಲ್ಲಿಗೆಯನ್ನು ನವೆಂಬರ್ ಡಿಸೆಂಬರುಗಳಲ್ಲಿಯೂ ಸವರುವುದು ವಾಡಿಕೆ. ಗುಲಾಬಿಯಲ್ಲಿ ಇನ್ನೊಂದು ವಿಶೇಷವುಂಟು. ಅಂಗಡಿಯ ಗುಲಾಬಿ ಸಾಮಾನ್ಯವಾಗಿ ಕಾಡುಗುಲಾಬಿಯ ಬುಡಕ್ಕೆ ಕಣ್ಣು ಕಸಿ ಮಾಡಿದ ಗಿಡ. ಕಸಿಯ ಗಂಟಿಗಿಂತ ಕೆಳಗಿನಿಂದ ಹುಟ್ಟುವ ಚಿಗುರು ಕಾಡುಗಿಡದ್ದು. ಅದು ವೇಗವಾಗಿ ಬೆಳೆದು ಆಹಾರವನ್ನೆಲ್ಲ ಕಬಳಿಸಿ, ಒಳ್ಳೆಯ ತಳಿಯನ್ನು ಸಾಯಿಸಿಬಿಡುತ್ತದೆ. 'ಕೆಂಪು ಗುಲಾಬಿ ತಂದೆವು, ಈಗ ಸಣ್ಣ ಬಿಳಿ ಹೂ ಬಿಡುತ್ತಿದೆ' ಎಂದು ಅಚ್ಚರಿಪಡುವವರ ಮನೆಯಲ್ಲಿ ನಡೆದಿರುವುದು ಇದೇ. ಅಂತಹ ಚಿಗುರನ್ನು ಕಂಡೊಡನೆ ಬುಡದಿಂದಲೇ ಕಿತ್ತುಹಾಕಬೇಕು.

ಸೇವಂತಿಗೆಯ ಸಮಸ್ಯೆ ಇನ್ನೂ ವಿಚಿತ್ರ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು, ಬೇಸಗೆಯಲ್ಲಿ ಎಷ್ಟೆತ್ತರ ಬೆಳೆದರೂ ಹೂ ಬಿಡದ ಒಂದು ಹೊಗೆಸೊಪ್ಪಿನ ತಳಿಯನ್ನು ಕುರಿತು ತಮ್ಮ ಪರಿಶೋಧನೆಯನ್ನು ಪ್ರಕಟಿಸಿದರು. ಆ ಗಿಡಗಳನ್ನು ಪ್ರತಿದಿನವೂ ಹೊತ್ತಿಗೆ ಮೊದಲೇ ಕತ್ತಲೆ ಕೋಣೆಗೆ ಸಾಗಿಸಿ ಹಗಲನ್ನು ಮೊಟಕು ಮಾಡಿದಾಗ ಅವು ಹೂ ಬಿಟ್ಟವು. ಗಿಡಗಳು ಹಗಲಿರುಳಿನ ಉದ್ದವನ್ನು ಅಳೆಯಬಲ್ಲವೆಂಬುದು ಆಗ ಬೆಳಕಿಗೆ ಬಂತು. ಗಿಡ ನಿಜವಾಗಿ ಅಳೆಯುವುದು ಎಡೆಬಿಡದ ಕತ್ತಲೆಯನ್ನೆಂದೂ, ಇರುಳಿನ ನಡುವೆ ಅಲ್ಪಕಾಲ ಬೆಳಕು ಬಿದ್ದರೂ ಲೆಕ್ಕ ತಪ್ಪುವುದೆಂದೂ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ತೋರಿಸಿದರು. ಸೇವಂತಿಗೆ ಈ ಗುಂಪಿಗೆ ಸೇರಿದ ಗಿಡ. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲು 13 ಗಂಟೆಗೆ ಸ್ವಲ್ಪ ಕಡಿಮೆ. ಡಿಸೆಂಬರಿನದು ಸುಮಾರು ಹನ್ನೊಂದೂವರೆ ಗಂಟೆ. ಇರುಳು ಉದ್ದವಾಗುತ್ತ ಬಂದಂತೆ ಸೇವಂತಿಗೆ ಮೊಗ್ಗು ತಳೆಯುತ್ತದೆ. ಆದರೆ ಕುಂಡವು ರಾತ್ರಿಯಿಡೀ ಉರಿಯುವ ಬೀದಿದೀಪದ ಕೆಳಗೋ ಜಗಲಿಯ ವಿದ್ಯುದ್ದೀಪದ ಪಕ್ಕದಲ್ಲೋ ಇದ್ದರೆ ಅದಕ್ಕೆ ಇರುಳೇ ಇಲ್ಲ. ಗೊಬ್ಬರ, ಔಷಧಿ ಯಾವುದೂ ಇಲ್ಲಿ ಉಪಯೋಗಕ್ಕೆ ಬಾರದು. ಕುಂಡವನ್ನು ಕತ್ತಲಿರುವ ಕಡೆಗೆ ಸರಿಸಿದರೆ ಸಾಕು.

ಎಲೆಯ ಬೆನ್ನು

ಗಿಡದ ವೈರಿಗಳು ಎಲೆಯ ಮೇಲ್ಮೈಯಲ್ಲಿ ಕುಳಿತು ನಮ್ಮನ್ನು ಸ್ವಾಗತಿಸುವುದಿಲ್ಲ. ಎಲೆಯನ್ನು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಒಂದು ಭೂತಕನ್ನಡಿಯಿದ್ದರೆ ಮತ್ತಷ್ಟು ಒಳ್ಳೆಯದು.

ಎಳೆಗುಡಿಗಳಲ್ಲಿ ಹಸುರು ಅಥವಾ ಕಪ್ಪು ಸಸ್ಯಹೇನುಗಳೂ, ದಾಸವಾಳದ ಗೆಣ್ಣುಗಳಲ್ಲಿ ಹತ್ತಿ ಅಂಟಿಸಿದಂತೆ ಹಿಟ್ಟುತಿಗಣೆಗಳೂ ಗುಂಪುಗುಂಪಾಗಿ ಕುಳಿತು ರಸ ಹೀರುತ್ತವೆ. ಹೀರಿದ ರಸದಲ್ಲಿ ತಮಗೆ ಬೇಡವಾದ ಸಕ್ಕರೆಯನ್ನು ಸಿಹಿಯಂಟಾಗಿ ವಿಸರ್ಜಿಸುತ್ತವೆ. ಅದರ ಮೇಲೆ ಮಸಿಯಂತಹ ಕಪ್ಪು ಬೂಷ್ಟು ಬೆಳೆಯುತ್ತದೆ; ಅದನ್ನು ಸವಿಯಲು ಇರುವೆಗಳು ಸಾಲುಗಟ್ಟುತ್ತವೆ. ಇರುವೆಗಳು ಈ ಹುಳುಗಳನ್ನು ದನ ಕಾಯುವಂತೆ ಕಾದು, ಶತ್ರುಗಳನ್ನು ಓಡಿಸುತ್ತವೆ. ಆದುದರಿಂದ ಹೂಗಿಡದ ಮೇಲೆ ಇರುವೆಗಳ ಸಾಲು ಕಂಡರೆ, ಆ ಸಾಲು ಎಲ್ಲಿಗೆ ಮುಟ್ಟುತ್ತದೆಂದು ನೋಡಬೇಕು. ಅಪರಾಧಿ ಅಲ್ಲಿ ಸಿಕ್ಕುತ್ತಾನೆ.

ಇವುಗಳಿಗೆ ಮೊದಲ ಮದ್ದು ನೀರಿನ ರಭಸ. ಎರಡನೆಯದು 1 ಲೀಟರು ನೀರಿಗೆ ಸುಮಾರು 5 ಗ್ರಾಂ ಸಾಧಾರಣ ಸಾಬೂನು ಕರಗಿಸಿದ ದ್ರಾವಣ. ಅದಕ್ಕೆ 5 ಮಿಲಿಲೀಟರು ಬೇವಿನ ಎಣ್ಣೆಯನ್ನು ಬೆರೆಸಿದರೆ ಇನ್ನೂ ಪರಿಣಾಮಕಾರಿ. ಸಾಬೂನು ಹುಳುವಿನ ಮೈಮೇಲಿನ ಮೇಣವನ್ನು ಕದಡುತ್ತದೆ. ಯಾವ ಸಿಂಪಡಣೆಯನ್ನೇ ಆಗಲಿ ಮೊದಲು ನಾಲ್ಕು ಎಲೆಗಳ ಮೇಲೆ ಪ್ರಯೋಗಿಸಿ, ಎರಡು ದಿನ ಕಾದು, ಅವು ಸುಡದಿದ್ದರೆ ಮಾತ್ರ ಮುಂದುವರಿಯಬೇಕು.

ಕೊಲ್ಲುವ ಮೊದಲು ಮಿತ್ರರಾರು ಎಂಬುದನ್ನು ತಿಳಿದಿರುವುದು ಅವಶ್ಯ. ಗುಲಗಂಜಿ ಹುಳುಗಳ ಜಾತಿಗೆ ಸೇರಿದ ಕ್ರಿಪ್ಟೊಲೀಮಸ್ ಎಂಬ ಜೀರುಂಡೆಯನ್ನು 1898ರಲ್ಲಿ ಆಸ್ಟ್ರೇಲಿಯದಿಂದ ದಕ್ಷಿಣ ಭಾರತಕ್ಕೆ ತರಲಾಯಿತು. ಕಾಫಿ ಗಿಡದ ಹಸುರು ಶಲ್ಕಕೀಟವನ್ನು ತಿನ್ನಲೆಂದು ತಂದದ್ದು. ಆ ಕೆಲಸದಲ್ಲಿ ಅದು ಯಶಸ್ವಿಯಾಗಲಿಲ್ಲ. ಆದರೆ ಇಲ್ಲಿಯ ಹಿಟ್ಟುತಿಗಣೆಗಳನ್ನು ತಿಂದುಕೊಂಡು ನೆಲೆಯೂರಿತು. ಇದರ ಮರಿಯ ಮೈತುಂಬ ಬಿಳಿಯ ಮೇಣದ ಕುಚ್ಚುಗಳಿರುವುದರಿಂದ ಅದೇ ದೊಡ್ಡ ಹಿಟ್ಟುತಿಗಣೆಯೆಂದು ಭ್ರಮಿಸಿ ಹೊಸಕಿಹಾಕುವವರುಂಟು. ಹಿಟ್ಟುತಿಗಣೆ ಕುಳಿತಲ್ಲೇ ಕುಳಿತಿರುತ್ತದೆ. ಇದು ಚುರುಕಾಗಿ ಓಡಾಡುತ್ತದೆ. ಓಡಾಡುವುದನ್ನು ಬದುಕಲು ಬಿಡಬೇಕು.

ಒಣಹವೆಯ ಮಾರ್ಚ್ ಏಪ್ರಿಲ್‌ಗಳಲ್ಲಿ ಗುಲಾಬಿಯ ಎಲೆಗಳು ಧೂಳು ಹಿಡಿದಂತೆ ಮಂಕಾಗಿ, ಸಣ್ಣ ಸಣ್ಣ ಚುಕ್ಕೆಗಳಿಂದ ತುಂಬಿ, ಹಿಂಬದಿಯಲ್ಲಿ ನವಿರಾದ ಬಲೆ ಕಂಡರೆ ಅದು ಕೆಂಪು ಜೇಡನುಸಿ. ಇದು ಕೀಟವಲ್ಲ, ಎಂಟು ಕಾಲುಗಳುಳ್ಳ, ಜೇಡನ ಬಂಧು. ಸೆಕೆಯ ದಿನಗಳಲ್ಲಿ ಇದರ ಒಂದು ಪೀಳಿಗೆ ಒಂದು ವಾರದಷ್ಟರಲ್ಲೇ ಮುಗಿದು ಇನ್ನೊಂದು ಸಿದ್ಧವಾಗುತ್ತದೆ. ಎಲೆಯ ಹಿಂಬದಿಯನ್ನು ನೀರಿನಿಂದ ದಿನ ಬಿಟ್ಟು ದಿನ ತೊಳೆದರೆ ಹಾವಳಿ ಇಳಿಯುತ್ತದೆ. ಕೀಟನಾಶಕಗಳು ಇಲ್ಲಿ ತಿರುಗುಬಾಣವಾಗುವುದುಂಟು. ಪಾಲ್ ಮುಲ್ಲರನಿಗೆ 1948ರ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಡಿ.ಡಿ.ಟಿ.ಯನ್ನು ಹಣ್ಣಿನ ತೋಟಗಳಿಗೆ ಸಿಂಪಡಿಸಿದಾಗ ನುಸಿಗಳು ಕಡಿಮೆಯಾಗುವ ಬದಲು ವಿಪರೀತ ಹೆಚ್ಚಿದವು. ನುಸಿಗೆ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲ. ನುಸಿಯನ್ನು ತಿನ್ನುತ್ತಿದ್ದ ಜೀವಿಗಳೆಲ್ಲ ಸತ್ತುಹೋದವು. ಭಾರತದಲ್ಲಿ ವ್ಯವಸಾಯಕ್ಕೆ ಡಿ.ಡಿ.ಟಿ.ಯ ಬಳಕೆಯನ್ನು 1989ರಲ್ಲಿ ನಿಷೇಧಿಸಲಾಯಿತು. ಆ ಪಾಠ ಮಾತ್ರ ಇತರ ವಿಷಗಳಿಗೂ ಅನ್ವಯಿಸುತ್ತದೆ.

ಬೂದಿ ಮತ್ತು ಚುಕ್ಕೆ

ಗುಲಾಬಿಯನ್ನು ಕಾಡುವ ಶಿಲೀಂಧ್ರಗಳಲ್ಲಿ ಎರಡು ಪ್ರಮುಖ. ಚಿಗುರಿನ ಮೇಲೆ ಬೂದಿ ಉದುರಿಸಿದಂತೆ ಕಂಡು ಎಳೆಯ ಎಲೆ ಮುರುಟಿದರೆ ಅದು ಬೂದಿರೋಗ. ಹಗಲು ಬೆಚ್ಚಗೂ ಇರುಳು ತಂಪಾಗಿಯೂ ಇರುವ ಚಳಿಗಾಲದಲ್ಲಿ ಇದು ಹೆಚ್ಚು. ಹಳೆಯ ಎಲೆಗಳ ಮೇಲೆ ಅಂಚು ಚೆದರಿದ ಕಪ್ಪು ಚುಕ್ಕೆಗಳು ಮೂಡಿ, ಸುತ್ತಲೂ ಹಳದಿಯಾಗಿ ಎಲೆ ಉದುರಿದರೆ ಅದು ಕಪ್ಪುಚುಕ್ಕೆ ರೋಗ, ಮಳೆಗಾಲದ ಪೀಡೆ. ಇವೆರಡರ ಸ್ವಭಾವ ತದ್ವಿರುದ್ಧ. ಕಪ್ಪುಚುಕ್ಕೆಯ ಬೀಜಾಣು ಮೊಳೆತು ಒಳನುಗ್ಗಬೇಕಾದರೆ ಎಲೆ ಸುಮಾರು 7 ಗಂಟೆಗಳ ಕಾಲ ಒದ್ದೆಯಾಗಿಯೇ ಇರಬೇಕು. ಬೂದಿರೋಗದ ಬೀಜಾಣುವಿಗೆ ತೇವದ ಹವೆ ಸಾಕು. ಎಲೆಯ ಮೇಲೆ ನೀರು ನಿಂತರೆ ಅದಕ್ಕೇ ಅಡ್ಡಿ. ಸಂಜೆ ಎಲೆಗಳ ಮೇಲೆಲ್ಲ ನೀರು ಹನಿಸುವ ಅಭ್ಯಾಸ ಕಪ್ಪುಚುಕ್ಕೆಗೆ ಕೊಟ್ಟ ಆಮಂತ್ರಣ. ನೀರನ್ನು ಬೆಳಿಗ್ಗೆ, ಬುಡಕ್ಕೆ ಎರೆಯಬೇಕು. ನುಸಿ ತೊಳೆಯುವುದಿದ್ದರೂ ಬಿಸಿಲೇರುವ ಮೊದಲೇ ತೊಳೆದರೆ ಎಲೆ ಬೇಗ ಒಣಗುತ್ತದೆ. ಉದುರಿದ ರೋಗದ ಎಲೆಗಳನ್ನು ಆಯ್ದು ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು.

ಬೂದಿರೋಗಕ್ಕೆ ಗಂಧಕ ಹಳೆಯ ಮದ್ದು. ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಸಿಂಪಡಿಸಬಹುದು. ಆದರೆ ಕಡುಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಕಪ್ಪುಚುಕ್ಕೆಗೆ ಬೋರ್ಡೋ ದ್ರಾವಣವುಂಟು. ಇದು ಕಳ್ಳರ ಕಾಟದಿಂದ ಹುಟ್ಟಿದ ಔಷಧಿ! ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಎರಚುತ್ತಿದ್ದರು. ಎರಚಿದ ಬಳ್ಳಿಗಳಿಗೆ ಬೂಷ್ಟುರೋಗ ತಗುಲದಿದ್ದುದನ್ನು 1882ರಲ್ಲಿ ಕಂಡ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ಪ್ರಯೋಗಗಳನ್ನು ನಡೆಸಿ 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ನಮ್ಮ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಈ ದ್ರಾವಣವನ್ನು ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡದ ಲೆಸ್ಲಿ ಕೋಲ್ಮನ್ನರು. ಆ ರೋಗವನ್ನು ಕುರಿತ ಅವರ ಅಧ್ಯಯನ 1910ರಲ್ಲಿ ಹೊರಬಂತು. 1 ಲೀಟರು ನೀರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ ಇದರ ಪ್ರಮಾಣ. ಎರಡನ್ನೂ ಬೇರೆಬೇರೆಯಾಗಿ ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ಕರಗಿಸಿ ಬೆರೆಸಬೇಕು, ಅಂದಂದೇ ಬಳಸಬೇಕು. ಗುಲಾಬಿಯ ಎಳೆಚಿಗುರಿಗೆ ತಾಮ್ರ ಒಗ್ಗದಿರುವುದರಿಂದ ಇಲ್ಲಿಯೂ ನಾಲ್ಕು ಎಲೆಗಳ ಪರೀಕ್ಷೆ ಕಡ್ಡಾಯ. ಇವು ರೋಗ ತಗುಲದಂತೆ ಕಾಯುವ ಔಷಧಿಗಳೇ ಹೊರತು, ಚುಕ್ಕೆ ಬಿದ್ದ ಎಲೆಯನ್ನು ಮತ್ತೆ ಹಸುರು ಮಾಡುವಂಥವಲ್ಲ. ಫಲವನ್ನು ಹೊಸ ಎಲೆಗಳಲ್ಲಿ ನೋಡಬೇಕು.

ಮಣ್ಣಿನೊಳಗಣ ಕಳ್ಳರು

ನೀರು, ಬಿಸಿಲು, ಗೊಬ್ಬರ ಎಲ್ಲವೂ ಸರಿಯಾಗಿದ್ದು, ಎಲೆಯ ಹಿಂದೆ ಯಾವ ಹುಳುವೂ ಇಲ್ಲದೆ, ಕನಕಾಂಬರದಂತಹ ಗಿಡ ಕುಳ್ಳಾಗಿ ಹಳದಿ ತಿರುಗಿದರೆ ಬೇರನ್ನು ತೊಳೆದು ನೋಡಬೇಕು. ಬೇರಿನ ಮೇಲೆ ಗಂಟುಗಂಟಾದ ಉಬ್ಬುಗಳಿದ್ದರೆ ಅದು ಕಣ್ಣಿಗೆ ಕಾಣದ ಜಂತುಹುಳುಗಳ ಕೆಲಸ. ಅವರೆ, ಹುರುಳಿ ಮುಂತಾದ ದ್ವಿದಳ ಸಸ್ಯಗಳ ಬೇರಿನಲ್ಲೂ ಗಂಟುಗಳುಂಟು. ಆದರೆ ಅವು ಉಪಕಾರಿಗಳು, ಉಗುರಿನಿಂದ ತಳ್ಳಿದರೆ ಸುಲಭವಾಗಿ ಕಳಚುತ್ತವೆ. ಜಂತುಹುಳುವಿನ ಗಂಟು ಬೇರೇ ಊದಿದುದಾದ್ದರಿಂದ ಕಳಚುವುದಿಲ್ಲ. ಅಂತಹ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟು, ಆ ಪಾತಿಯಲ್ಲಿ ಕೆಲವು ತಿಂಗಳು ಚೆಂಡುಹೂವನ್ನು ಬೆಳೆಸುವುದು ಲೇಸು. ಚೆಂಡುಹೂವಿನ ಬೇರಿನಲ್ಲಿರುವ ಒಂದು ಗಂಧಕಯುಕ್ತ ವಸ್ತು ಈ ಹುಳುಗಳಿಗೆ ಮಾರಕ. ಬೇವಿನ ಹಿಂಡಿಯನ್ನು ಮಣ್ಣಿಗೆ ಬೆರೆಸುವುದೂ ಸಹಾಯಕ.

ಪರೀಕ್ಷೆಯ ಕ್ರಮ

ಗಿಡ ಸೊರಗಿದುದು ಕಂಡಾಗ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ಒಟ್ಟುಗೂಡಿಸಬಹುದು. ಮೊದಲು ಮಣ್ಣಿಗೆ ಬೆರಳಿಟ್ಟು ತೇವವನ್ನು ನೋಡಿರಿ. ಆಮೇಲೆ ಬಿಸಿಲು ಎಷ್ಟು ಹೊತ್ತು ಬೀಳುವುದೆಂದು ಲೆಕ್ಕ ಹಾಕಿರಿ. ಮೂರನೆಯದಾಗಿ, ಕೆಟ್ಟಿರುವುದು ಹಳೆಯ ಎಲೆಯೋ ಎಳೆಯ ಎಲೆಯೋ ಗಮನಿಸಿರಿ. ನಾಲ್ಕನೆಯದಾಗಿ, ಎಲೆಯ ಬೆನ್ನನ್ನೂ ಕೊಂಬೆಯ ಸಂದುಗಳನ್ನೂ ಪರೀಕ್ಷಿಸಿರಿ. ಇಷ್ಟರಿಂದಲೂ ತಿಳಿಯದಿದ್ದರೆ ಕೊನೆಯಲ್ಲಿ ಬೇರನ್ನು ನೋಡಿರಿ. ನೋಡಿ ಮುಗಿಯುವವರೆಗೆ ಏನನ್ನೂ ಹಾಕಬೇಡಿರಿ.

ಕಾರಣ ಊಹೆಗೆ ಬಂದ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಕಾಯುವುದು ಯುಕ್ತ. ನೀರನ್ನೂ ಗೊಬ್ಬರವನ್ನೂ ಜಾಗವನ್ನೂ ಒಟ್ಟಿಗೆ ಬದಲಿಸಿದರೆ, ಗಿಡ ಬದುಕಿದರೂ ಯಾವುದರಿಂದ ಬದುಕಿತೆಂದು ತಿಳಿಯುವುದಿಲ್ಲ; ಸತ್ತರೂ ಏಕೆ ಸತ್ತಿತೆಂದು ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಅನುಸರಿಸುವ ನಿಯಮವೂ ಇದೇ. ಒಂದು ಹಳೆಯ ನೋಟುಪುಸ್ತಕದಲ್ಲಿ ನೀರು ಹಾಕಿದ ದಿನ, ಸವರಿದ ದಿನ, ಕಂಡ ಚಿಹ್ನೆ ಇವನ್ನು ಬರೆದಿಟ್ಟರೆ ಎರಡನೆಯ ವರ್ಷ ಅದೇ ಅತ್ಯುತ್ತಮ ತೋಟಗಾರಿಕೆಯ ಗ್ರಂಥವಾಗುತ್ತದೆ. ಎಲೆಗಳು ಸುರುಟಿ, ಹಳದಿ ಹಸುರು ಕಲೆಗಳು ಬೆರೆತು, ವೈರಸ್ಸಿನ ಲಕ್ಷಣ ಸ್ಪಷ್ಟವಾಗಿದ್ದರೆ ಮಾತ್ರ ಮಮತೆ ಬಿಟ್ಟು ಗಿಡವನ್ನು ಕಿತ್ತುಹಾಕಬೇಕು. ಅದಕ್ಕೆ ಮದ್ದಿಲ್ಲ, ಇಟ್ಟುಕೊಂಡರೆ ಪಕ್ಕದ ಗಿಡಗಳಿಗೆ ಕೇಡು.

ಕೈಗುಣವೆಂಬುದು ಹುಟ್ಟಿನಿಂದ ಬಂದ ವರವೆಂದು ಜನ ಭಾವಿಸುವುದುಂಟು. ಅಂತಹ ಕೈಗಳನ್ನು ಸ್ವಲ್ಪ ಗಮನವಿಟ್ಟು ನೋಡಿದರೆ, ಅವು ನೀರಿನ ತಂಬಿಗೆಯನ್ನು ಎತ್ತುವ ಮೊದಲು ಮಣ್ಣನ್ನು ಮುಟ್ಟುತ್ತವೆ, ಔಷಧಿಯ ಸೀಸೆಯನ್ನು ತೆರೆಯುವ ಮೊದಲು ಎಲೆಯನ್ನು ತಿರುಗಿಸುತ್ತವೆ. ಇದು ಯಾರಾದರೂ ಕಲಿಯಬಹುದಾದ ಅಭ್ಯಾಸ. ಸೊರಗಿದ ಗಿಡವಿದ್ದವರು ನಾಳೆ ಬೆಳಿಗ್ಗೆಯೇ ಆರಂಭಿಸಬಹುದು.